ಓದುಗರ ಪ್ರಶ್ನೆ: ಕಥೋಲಿಕರು ಲಾಡ್ಜ್ ಸೇರಬಹುದೇ?

ಫ್ರೀಮೇಸನ್ ಲಾಡ್ಜ್‌ಗಳ ಬಗ್ಗೆಯೂ ಅಂಥದೇ ಸಂಘಗಳ ಬಗ್ಗೆಯೂ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಬೆಂಗಳೂರಿನಲ್ಲಿ ಲಾಡ್ಜ್ ಎಂದರೆ ಮೆಜೆಸ್ಟಿಕ್‌ನ ಬಾಡಿಗೆ ರೂಮು ಕಣ್ಣ ಮುಂದೆ ಬರುತ್ತದೆ. ಇಲ್ಲಿನ ಮಾತು ಅದರದ್ದಲ್ಲ. ಫ್ರೀಮೇಸನರು ಎಂದರೆ ಪ್ರಮಾಣ ಮಾಡಿಸಿ, ಗುಟ್ಟಿನ ದೀಕ್ಷಾವಿಧಿಯೊಂದಿಗೆ ಸದಸ್ಯರನ್ನು ಸೇರಿಸಿಕೊಳ್ಳುವ ಹಳೆಯ ಸೋದರಸಂಘದವರು. ಅವರು ಸೇರುವ ಘಟಕಕ್ಕೂ ಲಾಡ್ಜ್ ಎಂದೇ ಹೆಸರು. ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ವ್ಯವಹಾರದಲ್ಲಿ ಪರಿಚಯವಾದ ಹಿರಿಯರೊಬ್ಬರು ತಮ್ಮ ಲಾಡ್ಜ್‌ಗೆ ಸೇರಿ ಎಂದು ಕರೆಯುತ್ತಿದ್ದಾರೆ. ದೇವರನ್ನು ನಂಬದವರಿಗೆ ಅಲ್ಲಿ ಪ್ರವೇಶವೇ ಇಲ್ಲವಂತೆ. ಪೀಠದ ಮೇಲೆ ಬೈಬಲ್ಲೂ ಇರುತ್ತದಂತೆ. ದಾನಧರ್ಮ ಮಾಡುತ್ತಾರೆ. 1983ರ ಧರ್ಮಸಭಾ ಕಾನೂನಿನಲ್ಲಿ ಫ್ರೀಮೇಸನರ ಹೆಸರೇ ಇಲ್ಲ, ಹಾಗಾಗಿ ನಿಷೇಧ ಹೋಗಿದೆ ಎಂದೂ ಕೇಳಿದೆ. ಸೇರಬಹುದೇ?
— ಓದುಗರು, ಫ್ರೇಜರ್ ಟೌನ್

ಉತ್ತರ: ಸೇರಬಾರದು. ನಿಷೇಧ ಹೋಗಿಲ್ಲ.

ನೀವು ಕೇಳಿದ ಮಾತಿನಲ್ಲಿ ಅರ್ಧ ನಿಜವಿದೆ. ಅದಕ್ಕೇ ಈ ತಪ್ಪು ತಿಳಿವಳಿಕೆ ನಲವತ್ತು ವರ್ಷವಾದರೂ ಸಾಯುತ್ತಿಲ್ಲ. ಧರ್ಮಸಭಾ ಕಾನೂನಿನ 1917ರ ಹಳೆಯ ಸಂಹಿತೆಯ 2335ನೇ ವಿಧಿ ಫ್ರೀಮೇಸನರ ಹೆಸರು ಹಿಡಿದು ಹೇಳುತ್ತಿತ್ತು: ಸೇರಿದ ಕ್ಷಣವೇ ಬಹಿಷ್ಕಾರ, ಅದನ್ನು ತೆಗೆಯುವ ಅಧಿಕಾರ ರೋಮಿನದ್ದು. 1983ರ ಸಂಹಿತೆಯ 1374ನೇ ವಿಧಿಯಲ್ಲಿ ಹೆಸರಿಲ್ಲ. ಧರ್ಮಸಭೆಯ ವಿರುದ್ಧ ಸಂಚು ಮಾಡುವ ಸಂಘಕ್ಕೆ ಸೇರಿದವರಿಗೆ ತಕ್ಕ ಶಿಕ್ಷೆ ಆಗಬೇಕು, ಅಂಥ ಸಂಘವನ್ನು ಬೆಳೆಸುವವರಿಗೆ ಅಥವಾ ಅದರಲ್ಲಿ ಪದಾಧಿಕಾರಿಯಾದವರಿಗೆ ಸಂಸ್ಕಾರಗಳಿಂದ ದೂರವಿಡುವ ‘ಇಂಟರ್‌ಡಿಕ್ಟ್’ ಶಿಕ್ಷೆ ಆಗಬೇಕು ಎಂದಷ್ಟೇ ಇದೆ. ಈ ಶಿಕ್ಷೆ ತಾನಾಗಿ ಬಂದು ಬೀಳುವುದಿಲ್ಲ, ಅಧಿಕಾರವುಳ್ಳವರು ವಿಧಿಸಬೇಕು. 2021ರ ಡಿಸೆಂಬರ್ 8ರಿಂದ ದಂಡನೆಯ ಭಾಗ ಪೂರ್ತಿ ಪರಿಷ್ಕಾರವಾದಾಗಲೂ ಈ ವಿಧಿ ಹಾಗೇ ಉಳಿಯಿತು.

ಇಷ್ಟನ್ನು ಓದಿ ‘ನಮ್ಮೂರ ಲಾಡ್ಜ್ ಯಾವ ಸಂಚನ್ನೂ ಮಾಡುವುದಿಲ್ಲವಲ್ಲ’ ಎಂದು ಜನ ನಿಂತುಬಿಡುತ್ತಾರೆ. ಹೀಗೆ ವಾದ ಹುಟ್ಟುತ್ತದೆಂದು ಬಲ್ಲ ರೋಮ್, ಹೊಸ ಸಂಹಿತೆ ಜಾರಿಗೆ ಬರುವುದಕ್ಕೆ ಸರಿಯಾಗಿ ಒಂದು ದಿನ ಮುಂಚೆ, 1983ರ ನವೆಂಬರ್ 26ರಂದು, ಒಂದು ಘೋಷಣೆ ಹೊರಡಿಸಿತು. ಸಹಿ ಮುಂದೆ ಪೋಪ್ 16ನೇ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಜಿಂಗರ್ ಅವರದು, ಒಪ್ಪಿಗೆ ಆಗಿನ ಪೋಪ್ ಎರಡನೇ ಜಾನ್ ಪೌಲರದು. ಅದರಲ್ಲಿರುವ ಮುಖ್ಯ ಮಾತುಗಳು ನಾಲ್ಕು. ಹೆಸರು ಬಿಟ್ಟಿದ್ದು ಸಂಹಿತೆಯನ್ನು ಸಿದ್ಧಪಡಿಸುವಾಗ ಅನುಸರಿಸಿದ ಕ್ರಮದಿಂದ, ಬೇರೆ ಸಂಘಗಳ ಹೆಸರನ್ನೂ ಹಾಗೇ ಬಿಟ್ಟಿದೆ. ಮೇಸನಿಕ್ ಸಂಘಗಳ ತತ್ವಗಳು ಧರ್ಮಸಭೆಯ ಬೋಧನೆಗೆ ಹೊಂದುವುದಿಲ್ಲ ಎಂಬ ತೀರ್ಪು ಬದಲಾಗಿಲ್ಲ. ಸೇರಿದ ವಿಶ್ವಾಸಿಗಳು ಗಂಭೀರ ಪಾಪದ ಸ್ಥಿತಿಯಲ್ಲಿದ್ದಾರೆ, ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಸ್ಥಳೀಯ ಅಧಿಕಾರಿಗಳು ಇದನ್ನು ಸಡಿಲಿಸುವಂತೆ ತೀರ್ಪು ಕೊಡುವ ಹಾಗಿಲ್ಲ.

ಕೊನೆಯ ಮಾತನ್ನು ಗಮನಿಸಿ. ‘ನಮ್ಮ ಫಾದರ್ ಪರವಾಗಿಲ್ಲ ಅಂದರು’ ಎಂಬ ಉತ್ತರ ನಿಲ್ಲುವುದಿಲ್ಲ. ಧರ್ಮಾಧ್ಯಕ್ಷರಿಗೇ ಇಲ್ಲದ ಅಧಿಕಾರ ಫಾದರ್‌ಗೆ ಎಲ್ಲಿಂದ ಬರಬೇಕು?

ಶಿಕ್ಷೆ ಬೇರೆ, ಪಾಪ ಬೇರೆ, ಗೊಂದಲವಾಗುವುದು ಇಲ್ಲೇ. ಪರಸಂಗ ಮಾಡಿದ ಸಾಮಾನ್ಯ ವಿಶ್ವಾಸಿಗೆ ಸಂಹಿತೆಯಲ್ಲಿ ತಾನಾಗಿ ಬೀಳುವ ಬಹಿಷ್ಕಾರವೇನೂ ಇಲ್ಲ. ಹಾಗೆಂದು ಪಾಪನಿವೇದನೆ ಮಾಡದೆ ಪರಮಪ್ರಸಾದಕ್ಕೆ ಸಾಲು ನಿಲ್ಲಬಹುದೇ? ಮೇಸನ್ ಆದ ಕಥೋಲಿಕರ ಸ್ಥಿತಿಯೂ ಅದೇ. ಅವರು ಬಹಿಷ್ಕೃತರಲ್ಲ. ಆದರೆ ಬಲಿಪೂಜೆಯಲ್ಲಿ ಕೂತಲ್ಲೇ ಉಳಿಯಬೇಕು.

ಇನ್ನು ‘ಯಾಕೆ’ ಎಂಬುದು. ಗುಟ್ಟಿನ ಕೈಕುಲುಕಾಟ, ಏಪ್ರನ್, ಕಂಪಾಸು, ಮೂಲೆಮಟ್ಟ ಇವುಗಳಿಗೆ ಹೆದರಿ ಮಾಡಿದ ನಿಷೇಧವಿದು ಎಂದು ಹೆಚ್ಚಿನವರ ಎಣಿಕೆ. 1738ರಲ್ಲಿ ಪೋಪ್ 12ನೇ ಕ್ಲೆಮೆಂಟ್ ಮೊದಲ ಸಲ ನಿಷೇಧಿಸಿದಾಗ ಗುಟ್ಟೂ ಒಂದು ಕಾರಣವಾಗಿತ್ತು, ನಿಜ. ಆದರೆ ಇವತ್ತು ಲಾಡ್ಜ್‌ನ ಸಂಸ್ಕಾರವಿಧಿಗಳು ಪುಸ್ತಕದಂಗಡಿಯಲ್ಲಿ ಸಿಗುತ್ತವೆ. ಗುಟ್ಟು ಬಹುಪಾಲು ಸೋರಿಹೋಗಿದೆ, ನಿಷೇಧ ಮಾತ್ರ ನಿಂತಿದೆ. ಅಂದರೆ ಕಾರಣ ಬೇರೆಡೆ ಇದೆ.

ನಿಮ್ಮ ಹಿರಿಯರು ಹೆಮ್ಮೆಯಿಂದ ಹೇಳಿದ ಸಂಗತಿಯಲ್ಲೇ ಅದು ಇದೆ. ಭಾರತದ ಲಾಡ್ಜ್‌ಗಳಲ್ಲಿ ಪೀಠದ ಮೇಲೆ ಗೀತೆ, ಬೈಬಲ್, ಕುರಾನ್ ಹೀಗೆ ಸದಸ್ಯರ ಗ್ರಂಥಗಳನ್ನೆಲ್ಲ ಇಡುತ್ತಾರೆ. ನೆರೆಹೊರೆಯವರಾಗಿ ನಮಗೆ ಇದು ಹಿತವಾಗಿ ಕಾಣುತ್ತದೆ. ಆದರೆ ಅಲ್ಲಿ ಆ ಗ್ರಂಥಗಳನ್ನು ಇಟ್ಟಿರುವುದು ಗೌರವಕ್ಕೆ ಮಾತ್ರ ಅಲ್ಲ, ಪ್ರಮಾಣ ಮಾಡಿಸುವುದಕ್ಕೆ. ದೇವರು ಅಲ್ಲಿ ‘ವಿಶ್ವದ ಮಹಾಶಿಲ್ಪಿ’. ಆ ಪಾತ್ರೆಗೆ ಯಾರು ಏನು ಬೇಕಾದರೂ ಸುರಿದುಕೊಳ್ಳಬಹುದು. ಮೇಸನರ ಮೂಲ ನಿಯಮಗಳೆನಿಸಿದ 1723ರ ಆಂಡರ್ಸನ್ ನಿಯಮಾವಳಿಯೇ ‘ಎಲ್ಲ ಮನುಷ್ಯರೂ ಒಪ್ಪುವ ಧರ್ಮ’ ಒಂದನ್ನು ಸದಸ್ಯರಿಗೆ ವಿಧಿಸಿ, ಉಳಿದ ನಂಬಿಕೆಗಳನ್ನು ಅವರವರ ಖಾಸಗಿ ಅಭಿಪ್ರಾಯವೆಂದು ಬದಿಗಿಡುತ್ತದೆ. ಕ್ರಿಸ್ತರು ದೇವಪುತ್ರರು ಎಂಬುದು ಕಥೋಲಿಕರಿಗೆ ಬದಿಗಿಡುವಂಥ ಖಾಸಗಿ ಅಭಿಪ್ರಾಯವಲ್ಲ. ಜರ್ಮನಿಯ ಧರ್ಮಾಧ್ಯಕ್ಷರು 1974ರಿಂದ 1980ರವರೆಗೆ ಅಲ್ಲಿನ ಮೇಸನರೊಡನೆ ಕೂತು ಮಾತಾಡಿ, ಸದಸ್ಯರು ಏರುವ ಮೂರೂ ಹಂತಗಳ ದೀಕ್ಷಾವಿಧಿಗಳನ್ನು ಓದಿ ನೋಡಿ ಬಂದ ತೀರ್ಮಾನವೂ ಇದೇ ದಾರಿಯದು: ಒಬ್ಬರೇ ಎರಡೂ ಆಗಿರಲು ಸಾಧ್ಯವಿಲ್ಲ. ಅವರು ಹೊರಟಿದ್ದು ರಾಜಿಯ ಆಸೆಯಿಂದ ಎಂಬುದನ್ನು ನೆನಪಿಟ್ಟುಕೊಳ್ಳಬೇಕು.

ಎರಡನೆಯದು ಪ್ರಮಾಣ. ಒಳಗೆ ಏನಿದೆ ಎಂದು ತಿಳಿಯುವ ಮೊದಲೇ, ಕಣ್ಣಿಗೆ ಬಟ್ಟೆ ಕಟ್ಟಿದ ಸ್ಥಿತಿಯಲ್ಲಿ, ಮುಂದೆ ತಿಳಿಸಲಿರುವುದನ್ನು ಕಾಪಾಡುತ್ತೇನೆಂದು ದೇವರ ಹೆಸರಿನಲ್ಲಿ ಆಣೆ ಇಡಬೇಕು. ಏನೂ ಬರೆಯದ ಸ್ಟಾಂಪ್ ಪೇಪರ್‌ಗೆ ಸಹಿ ಹಾಕಿದ ಹಾಗೆ. ಗಂಟಲು ಕತ್ತರಿಸುವಂಥ ಹಳೆಯ ಶಾಪದ ಮಾತುಗಳನ್ನು ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1986ರಲ್ಲಿ ಪ್ರಮಾಣದಿಂದ ತೆಗೆಯಿತು. ಒಳ್ಳೆಯದೇ ಆಯಿತು, ಆದರೆ ಮುಖ್ಯ ತೊಡಕು ಹೋಗಲಿಲ್ಲ. ದೇವರನ್ನು ಸಾಕ್ಷಿಗೆ ಕರೆಯುವವನಿಗೆ ತಾನು ಏನಕ್ಕೆ ಕಟ್ಟುಬೀಳುತ್ತಿದ್ದೇನೆಂದು ಗೊತ್ತಿರಬೇಕಲ್ಲ.

1974ರಲ್ಲಿ ರೋಮಿನಿಂದ ಅಮೆರಿಕದ ಕಾರ್ಡಿನಲ್ ಕ್ರೋಲ್ ಅವರಿಗೆ ಹೋದ ಒಂದು ಪತ್ರ ಸಡಿಲವಾಗಿ ಓದಿಕೊಳ್ಳುವಂತಿತ್ತು. ಆಗ ಕೆಲವರು ಒಳ್ಳೆಯ ಮನಸ್ಸಿನಿಂದಲೇ ಸೇರಿದರು. 1981ರಲ್ಲಿ ಅದನ್ನು ಸರಿಪಡಿಸಿದರು. 2023ರ ನವೆಂಬರ್‌ನಲ್ಲಿ ಫಿಲಿಪೀನ್ಸ್‌ನ ಧರ್ಮಾಧ್ಯಕ್ಷರೊಬ್ಬರು ಕೇಳಿದ್ದಕ್ಕೆ ಪೋಪ್ ಫ್ರಾನ್ಸಿಸ್ ಒಪ್ಪಿಗೆಯೊಂದಿಗೆ ಬಂದ ಉತ್ತರ 1983ರದನ್ನೇ ಮತ್ತೆ ಹೇಳಿ, ಗುರುಗಳಿಗೂ ಇದು ಅನ್ವಯವೆಂದು ಸೇರಿಸಿತು.

ಹಿರಿಯರಿಗೆ ಬೇಡ ಎನ್ನುವಾಗ ಒರಟಾಗಬೇಕಿಲ್ಲ. ‘ನಮ್ಮ ಧರ್ಮಸಭೆಯ ಕಾನೂನು ಬಿಡುವುದಿಲ್ಲ’ ಎಂದರೆ ಸಾಕು, ಅನುಭವಿ ಮೇಸನರಿಗೆ ಇದು ಹೊಸ ಸುದ್ದಿಯಲ್ಲ. ಅವರ ಧರ್ಮಾರ್ಥ ಕೆಲಸಕ್ಕೆ ಚೆಕ್ ಕೊಡಲು ಸದಸ್ಯತ್ವ ಬೇಕಿಲ್ಲ.

ಪ್ರಶ್ನೆ: ಆರು ವರ್ಷದಿಂದ ಲಾಡ್ಜ್‌ನಲ್ಲಿದ್ದೇನೆ, ಮೂರನೇ ಹಂತವೂ ಆಗಿದೆ. ತಪ್ಪೆಂದು ಗೊತ್ತಿರಲಿಲ್ಲ. ಈಗ ಬಿಡಬೇಕೆಂದಿದ್ದೇನೆ. ಆಣೆ ಇಟ್ಟಿದ್ದೇನಲ್ಲ, ಅದನ್ನು ಮುರಿದರೆ ಪಾಪವಲ್ಲವೇ? ಇಷ್ಟು ವರ್ಷ ತೆಗೆದುಕೊಂಡ ಪರಮಪ್ರಸಾದದ ಗತಿಯೇನು?
— ಓದುಗರು, ಕಮ್ಮನಹಳ್ಳಿ

ಉತ್ತರ: ಆಣೆಯ ಭಯ ಮೊದಲು. ಸಂಹಿತೆಯ 1201ನೇ ವಿಧಿಯ ಪ್ರಕಾರ, ಇತರರಿಗೆ ಹಾನಿ ಮಾಡುವ, ಇಲ್ಲವೇ ಸಾರ್ವಜನಿಕ ಹಿತಕ್ಕೋ ನಿತ್ಯರಕ್ಷಣೆಗೋ ನೇರವಾಗಿ ಅಡ್ಡಬರುವ ಕೆಲಸಕ್ಕೆ ಆಣೆ ಸೇರಿಸಿದರೂ ಆ ಕೆಲಸಕ್ಕೆ ಬಲ ಬರುವುದಿಲ್ಲ. ಲಾಡ್ಜ್‌ನಲ್ಲಿ ಉಳಿಯುವ ಆಣೆ ನಿಮ್ಮನ್ನು ಕಟ್ಟುವುದಿಲ್ಲ. ಹಾಗೆಂದು ಹೊರಗೆ ಬಂದು ಕೈಸನ್ನೆ, ಗುಪ್ತಪದಗಳನ್ನು ಊರಿಗೆಲ್ಲ ಸಾರಬೇಕೆಂದೂ ಇಲ್ಲ. ಜೊತೆಯವರು ನಂಬಿ ಹೇಳಿಕೊಂಡ ಖಾಸಗಿ ಮಾತುಗಳನ್ನು ಕಾಪಾಡುವುದು ಆಣೆಯಿಲ್ಲದೆಯೂ ನಮ್ಮ ಕರ್ತವ್ಯ. ಪಾಪನಿವೇದನೆಯಲ್ಲಿ ಗುರುಗಳಿಗೆ ವಿಧಿಯ ವಿವರಗಳು ಬೇಕಿಲ್ಲ, ‘ಮೇಸನಿಕ್ ಲಾಡ್ಜ್‌ಗೆ ಸೇರಿದ್ದೆ, ಇಷ್ಟು ವರ್ಷ ಇದ್ದೆ, ಇಂಥ ಹುದ್ದೆ ಹಿಡಿದಿದ್ದೆ’ ಎಂದರೆ ಆಯಿತು.

ಬಿಡುವುದು ಹೇಗೆ? ಲಾಡ್ಜ್ ಕಾರ್ಯದರ್ಶಿಗೆ ದಿನಾಂಕ ಹಾಕಿದ ರಾಜೀನಾಮೆ ಪತ್ರ ಕೊಡಿ. ಇಮೇಲ್ ಮಾಡಿದರೂ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀತಿ ಇಟ್ಟುಕೊಳ್ಳಿ. ಎರಡು ಸಾಲು ಸಾಕು, ವಾದ ಬೇಡ. ಬಾಕಿ ಚಂದಾ ಕಟ್ಟಿ, ಬಾಕಿಯಿಲ್ಲ ಎಂಬ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ‘ಸುಮ್ಮನೆ ಹೋಗುವುದನ್ನು ನಿಲ್ಲಿಸಿದರಾಯಿತು’ ಎಂದುಕೊಂಡು ಪತ್ರವನ್ನೇ ಕೊಡುವುದಿಲ್ಲ, ಹೆಸರು ವರ್ಷಗಟ್ಟಲೆ ಪಟ್ಟಿಯಲ್ಲೇ ಉಳಿಯುತ್ತದೆ. ಇನ್ನೊಂದು ಎಡವು: ಮೂರನೇ ಹಂತದ ಮೇಲೆ ರಾಯಲ್ ಆರ್ಚ್ ಚಾಪ್ಟರ್, ಮಾರ್ಕ್ ಲಾಡ್ಜ್ ಇತ್ಯಾದಿಗೆ ಸೇರಿದ್ದರೆ ಅವುಗಳ ಸದಸ್ಯತ್ವ ಬೇರೆ. ಒಂದನ್ನು ಬಿಟ್ಟರೆ ಇನ್ನೊಂದು ತಾನಾಗಿ ಹೋಗುತ್ತದೆಂದು ನಂಬಬೇಡಿ, ಒಂದೊಂದಕ್ಕೂ ಪತ್ರ ಕೊಡಿ. ಬ್ಯಾಂಕ್‌ನಲ್ಲಿ ಚಂದಾಕ್ಕೆ ಆಟೋ ಡೆಬಿಟ್ ಹಾಕಿದ್ದರೆ ರದ್ದು ಮಾಡಿಸಿ. ವಾಟ್ಸ್ಆ್ಯಪ್ ಗುಂಪಿನಿಂದ ಹೊರಬನ್ನಿ. ಏಪ್ರನ್, ಪದಕಗಳು ಲಾಡ್ಜ್‌ನದಾದರೆ ಹಿಂದಿರುಗಿಸಿ. ನಿಮ್ಮದಾದರೆ ಷೋಕೇಸಿನಲ್ಲಿ ಇಡಬೇಡಿ.

ಸರ್ಟಿಫಿಕೇಟ್ ಕೈಗೆ ಬರುವ ತನಕ ಪಾಪನಿವೇದನೆಗೆ ಕಾಯಬೇಕಿಲ್ಲ. ಪಶ್ಚಾತ್ತಾಪವೂ ಬಿಡುವ ದೃಢ ನಿರ್ಧಾರವೂ ಇದ್ದರೆ ಸಾಕು. ಕಪಾಟಿನಲ್ಲಿ ಬರೆದಿಟ್ಟ ಪತ್ರಕ್ಕಿಂತ ಕಳಿಸಿಯಾದ ಪತ್ರ ಆ ನಿರ್ಧಾರಕ್ಕೆ ಒಳ್ಳೆಯ ಗುರುತು. 1983ರ ಮುಂಚೆ ಇದ್ದಂತೆ ರೋಮಿಗೆ ಬರೆಯುವ ಅಗತ್ಯ ಈಗಿಲ್ಲ, ಪಾಪಕ್ಷಮೆ ಕೊಡುವ ಅಧಿಕಾರವಿರುವ ಯಾವ ಗುರುಗಳಾದರೂ ನಡೆಯುತ್ತದೆ. ಹುದ್ದೆ ಹಿಡಿದಿದ್ದು, ಅದಕ್ಕಾಗಿ ನಿಮ್ಮ ಮೇಲೆ ಶಿಕ್ಷೆಯ ಆದೇಶವೇ ಬಂದಿದ್ದರೆ ಮಾತ್ರ ಮಿಲ್ಲರ್ಸ್ ರಸ್ತೆಯ ಮಹಾಧರ್ಮಾಧ್ಯಕ್ಷರ ನಿವಾಸದ ಕಚೇರಿಯಲ್ಲಿ ವಿಚಾರಿಸಿ.

ಹಿಂದೆ ತೆಗೆದುಕೊಂಡ ಪರಮಪ್ರಸಾದದ ಬಗ್ಗೆ: ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ತಿಳಿವಳಿಕೆ, ಮನಃಪೂರ್ವಕ ಒಪ್ಪಿಗೆ ಮೂರೂ ಸೇರಬೇಕು. ನಿಜವಾಗಿ ತಿಳಿಯದೆ ಇದ್ದ ವರ್ಷಗಳನ್ನು ನೆನೆದು ನರಳಬೇಡಿ. ‘ಏನೋ ಸರಿಯಿಲ್ಲ, ಆದರೆ ಕೇಳಿದರೆ ಬೇಡ ಅಂದಾರು’ ಎಂದು ಬೇಕೆಂದೇ ಕೇಳದೆ ಬಿಟ್ಟಿದ್ದರೆ ಅದನ್ನೂ ಹೇಳಿಕೊಳ್ಳಿ. ನಿಮ್ಮ ಮದುವೆ, ಮಕ್ಕಳ ಜ್ಞಾನಸ್ನಾನ ಯಾವುದಕ್ಕೂ ಇದರಿಂದ ಕುಂದಿಲ್ಲ.

ಪ್ರಶ್ನೆ: ನಮ್ಮೆಜಮಾನರು ಹಿಂದೂಗಳು, ಮೇಸನ್ ಕೂಡ. ಲಾಡ್ಜ್‌ನ ಕುಟುಂಬದ ಊಟಕ್ಕೆ ನಾನು, ಮಕ್ಕಳು ಹೋಗುತ್ತೇವೆ. ತಪ್ಪೇ?
— ಓದುಗರು, ರಿಚರ್ಡ್ಸ್ ಟೌನ್

ಉತ್ತರ: ತಪ್ಪಿಲ್ಲ. ಧರ್ಮಸಭೆಯ ಈ ಕಾನೂನು ಕಥೋಲಿಕರನ್ನು ಮಾತ್ರ ಕಟ್ಟುತ್ತದೆ, ನಿಮ್ಮ ಯಜಮಾನರನ್ನಲ್ಲ. ಊಟ, ಸಂಗೀತ, ರಕ್ತದಾನ ಶಿಬಿರ ಇವಕ್ಕೆ ಹೋಗಿಬನ್ನಿ. ವಿಧಿಯ ಭಾಗವಾಗಿ ನಿಲ್ಲುವುದು ಬೇಡ. ಹೆಂಗಸರನ್ನು ಸೇರಿಸಿಕೊಳ್ಳುವ ಮೇಸನಿಕ್ ಶಾಖೆಗಳೂ ಉಂಟು. ಅದಕ್ಕೆ ಕರೆ ಬಂದರೆ ಉತ್ತರ ಗಂಡಸರಿಗೆ ಹೇಳಿದ್ದೇ.

ಪ್ರಶ್ನೆ: ಹಾಗಾದರೆ ರೋಟರಿ, ಲಯನ್ಸ್? ಬಸವನಗುಡಿ ಕಡೆಯ ಥಿಯಾಸಫಿಯವರು? ನಮ್ಮಲ್ಲೇ ಓಪಸ್ ದೇಯಿ ಇಲ್ಲವೇ, ಅದು ಗುಟ್ಟಿನದಲ್ಲವೇ?
— ಓದುಗರು, ಜಯನಗರ

ಉತ್ತರ: ರೋಟರಿ, ಲಯನ್ಸ್ ಸೇರಬಹುದು. ಆಣೆಯಿಲ್ಲ, ದೀಕ್ಷಾವಿಧಿಯಿಲ್ಲ, ನಿಯಮಾವಳಿ ಯಾರು ಬೇಕಾದರೂ ಓದಬಹುದು. ರೋಟರಿಯನ್ನು ಕುರಿತು 1950ರ ಕೊನೆಯಲ್ಲಿ ರೋಮಿನಿಂದ ಒಂದು ಆದೇಶ ಬಂದದ್ದು ಹೌದು. ಗುರುಗಳು ಸೇರಬಾರದು, ಇತರರು ಎಚ್ಚರದಿಂದಿರಬೇಕು ಎಂದಿತ್ತು. ಆಮೇಲಿನ ಪೋಪರುಗಳು ರೋಟರಿಯವರನ್ನು ಕರೆಸಿ ಮಾತಾಡಿಸಿದ್ದಾರೆ. ಆ ಹಳೆಯ ಆದೇಶವನ್ನು ಈಗಲೂ ತೋರಿಸಿ ಹೆದರಿಸುವವರು ಹಳೇ ಕ್ಯಾಲೆಂಡರ್ ನೋಡುತ್ತಿದ್ದಾರೆ.

ಎಲ್ಲ ಧರ್ಮಗಳ ಹಿಂದೆ ಒಂದೇ ಗೂಢಜ್ಞಾನವಿದೆ ಎನ್ನುವ ಥಿಯಾಸಫಿ ಬೇರೆ. ಅದರ ಸಭೆಗಳು ತೆರೆದೇ ಇರುತ್ತವೆ, ಆದರೂ 1919ರಲ್ಲಿ ರೋಮ್ ಅದನ್ನು ಸೇರಕೂಡದೆಂದಿತು. ಕಾರಣ ಅದರ ಬೋಧನೆ. ಬಾಗಿಲು ತೆರೆದಿದ್ದರೂ ಸೇರಬಾರದ್ದು ಇರಬಹುದು, ಮುಚ್ಚಿದ್ದರೂ ಸೇರಬಹುದಾದ್ದು ಇರಬಹುದು. ಕುಡಿತ ಬಿಟ್ಟವರ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ನೋಡಿ, ಹೆಸರಲ್ಲೇ ಅನಾಮಿಕತೆ. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಅದರ ಸಭೆಗಳು ಚರ್ಚ್ ಆವರಣಗಳಲ್ಲೂ ನಡೆಯುತ್ತವೆ, ಯಾವ ಗುರುಗಳೂ ಬೇಡ ಎನ್ನುವುದಿಲ್ಲ. ಅಲ್ಲಿ ಮುಚ್ಚಿಡುವುದು ಸದಸ್ಯನ ಮಾನವನ್ನು, ಸಂಘದ ತತ್ವವನ್ನಲ್ಲ.

ಓಪಸ್ ದೇಯಿ 1928ರಲ್ಲಿ ಶುರುವಾಗಿ 1982ರಿಂದ ಧರ್ಮಸಭೆಯ ಆಡಳಿತದೊಳಗೇ ಇರುವ ಸಂಸ್ಥೆ. ಸದಸ್ಯರು ಹೆಚ್ಚು ಹೇಳಿಕೊಳ್ಳುವುದಿಲ್ಲ ಎಂಬ ದೂರು ಹಳೆಯದು, ಅದರಲ್ಲಿ ಹುರುಳೂ ಇದೆ. ಆದರೆ ಅದರ ನಿಯಮಗಳು ರೋಮಿನ ಕೈಯಲ್ಲಿವೆ. 1882ರಲ್ಲಿ ಅಮೆರಿಕದ ಗುರು ಮೈಕೆಲ್ ಮೆಕ್‌ಗಿವ್ನಿ ಕಟ್ಟಿದ ಕಥೋಲಿಕ ಗಂಡಸರ ಸಂಘ ನೈಟ್ಸ್ ಆಫ್ ಕೊಲಂಬಸ್‌ಗೂ ಹಿಂದೆ ಗುಟ್ಟಿನ ಪ್ರವೇಶವಿಧಿ ಇತ್ತು. 2020ರಲ್ಲಿ ಅವರೇ ಅದನ್ನು ಮನೆಯವರೂ ಊರವರೂ ನೋಡುವಂತೆ ತೆರೆದರು.

ಬೇರಾವುದೋ ಸಂಘದ ಕರೆ ಬಂದಾಗ ಕೇಳಬೇಕಾದ್ದು: ಪ್ರಮಾಣದ ಮಾತುಗಳನ್ನು ಮೊದಲೇ ತೋರಿಸುತ್ತೀರಾ? ಅದನ್ನು ನಮ್ಮ ಗುರುಗಳಿಗೂ ಮನೆಯಾಕೆಗೂ ತೋರಿಸಬಹುದೇ? ಪ್ರಾರ್ಥನೆಯಿದ್ದರೆ ಯಾರ ಹೆಸರಿನಲ್ಲಿ? ಬಿಡಬೇಕೆಂದರೆ ಹೇಗೆ? ಮೊದಲನೆಯದಕ್ಕೇ ‘ಇಲ್ಲ’ ಬಂದರೆ ಉಳಿದದ್ದು ಕೇಳುವ ಶ್ರಮ ಬೇಡ.

ಪ್ರಶ್ನೆ: ನಾವು ಕೇರಳ ಮೂಲದ ಪೌರಸ್ತ್ಯ ಕಥೋಲಿಕ ಸಭೆಯಾದ ಸೀರೋ ಮಲಬಾರ್ ಸಭೆಯವರು, ವೈಟ್‌ಫೀಲ್ಡ್‌ನಲ್ಲಿದ್ದೇವೆ. ಲ್ಯಾಟಿನ್ ಕಾನೂನು ನಮಗೆ ಅನ್ವಯಿಸದು ಎನ್ನುತ್ತಾರೆ.
— ಓದುಗರು

ಉತ್ತರ: 1983ರ ಸಂಹಿತೆ ಅನ್ವಯಿಸದು, ಸರಿ. ನಿಮಗೆ 1991ರಿಂದ ಜಾರಿಯಲ್ಲಿರುವ ಪೌರಸ್ತ್ಯ ಸಭೆಗಳ ಸಂಹಿತೆಯಿದೆ. ಅದರ 1448ನೇ ವಿಧಿಯ ಎರಡನೇ ಭಾಗ ಇದನ್ನೇ ಹೇಳುತ್ತದೆ. ಪಾಪದ ಸ್ಥಿತಿ ಕುರಿತ ಘೋಷಣೆ ತತ್ವದ ವಿಚಾರವಾದ್ದರಿಂದ ಎರಡೂ ಕಡೆಯವರಿಗೆ ಒಂದೇ. ನಿಮ್ಮ ಮೇಲಧಿಕಾರ ಮಂಡ್ಯ ಧರ್ಮಕ್ಷೇತ್ರದ್ದು, ಬೆಂಗಳೂರು ಮಹಾಧರ್ಮಕ್ಷೇತ್ರದ್ದಲ್ಲ. ಪತ್ರ ಬರೆಯುವುದಿದ್ದರೆ ಅಲ್ಲಿಗೆ. ಕಾನೂನಿನ ಸೂಕ್ಷ್ಮ ಬೇಕಿದ್ದವರಿಗೆ ಊರಲ್ಲೇ ಅನುಕೂಲವಿದೆ: ಲ್ಯಾಟಿನ್ ಕಾನೂನಿಗೆ ಮಲ್ಲೇಶ್ವರದ ಸಂತ ಪೇತ್ರರ ಗುರುಮಠ, ಪೌರಸ್ತ್ಯ ಕಾನೂನಿಗೆ ಧರ್ಮಾರಾಮ್ ವಿದ್ಯಾಕ್ಷೇತ್ರ.

ಪ್ರಶ್ನೆ: ತಂದೆಯವರು ಇವತ್ತಿಗೂ ಮೇಸನ್, ಭಾನುವಾರದ ಪೂಜೆಯನ್ನೂ ತಪ್ಪಿಸಿದವರಲ್ಲ. ಈಗ ಹಾಸಿಗೆ ಹಿಡಿದಿದ್ದಾರೆ. ಚರ್ಚ್‌ನಲ್ಲಿ ಅಂತ್ಯಕ್ರಿಯೆ ಸಿಗುವುದೇ? ಲಾಡ್ಜ್‌ನವರು ತಮ್ಮ ವಿಧಿಯನ್ನೂ ಮಾಡಬೇಕೆನ್ನುತ್ತಿದ್ದಾರೆ.
— ಓದುಗರು, ಕಾಕ್ಸ್ ಟೌನ್

ಉತ್ತರ: ಈಗಲೇ ಫಾದರ್‌ನ್ನು ಮನೆಗೆ ಕರೆಸಿ. ಅಂತ್ಯಕ್ರಿಯೆಯ ಚಿಂತೆಗಿಂತ ಅದು ಮುಂದಿರಲಿ. ತಂದೆಯವರು ಒಪ್ಪಿದರೆ ಪಾಪನಿವೇದನೆ, ರೋಗಿಗಳ ಅಭ್ಯಂಗ, ಪರಮಪ್ರಸಾದ ಮೂರೂ ಆಗುತ್ತವೆ. ಮಾತು ನಿಂತಿದ್ದರೆ ತಲೆಯಾಡಿಸಿದರೂ ಗುರುಗಳು ಅರ್ಥಮಾಡಿಕೊಳ್ಳುತ್ತಾರೆ. ರಾಜೀನಾಮೆ ಪತ್ರಕ್ಕೆ ಅವರ ಸಹಿ ಆಗುವಂತಿದ್ದರೆ ಮಾಡಿಸಿ.

ಅಂತ್ಯಕ್ರಿಯೆಯ 1184ನೇ ವಿಧಿ ಬಹಿರಂಗವಾಗಿ ವಿಶ್ವಾಸ ತೊರೆದವರಿಗೆ, ಮತ್ತು ಜನರಿಗೆ ಎಡವುಗಲ್ಲಾಗುವಂಥ ಬಹಿರಂಗ ಪಾಪಿಗಳಿಗೆ, ಸಾಯುವ ಮುಂಚೆ ಪಶ್ಚಾತ್ತಾಪದ ಯಾವ ಗುರುತೂ ಕಾಣದಿದ್ದಲ್ಲಿ ಮಾತ್ರ ಧರ್ಮಸಭೆಯ ವಿಧಿಯನ್ನು ನಿರಾಕರಿಸುತ್ತದೆ. ಗುರುತೊಂದಿದ್ದರೆ ಬಾಗಿಲು ತೆರೆಯಿತು. ಅನುಮಾನವಿದ್ದರೆ ಧರ್ಮಕೇಂದ್ರದ ಗುರು ಒಬ್ಬರೇ ತೀರ್ಮಾನಿಸದೆ ಧರ್ಮಕ್ಷೇತ್ರದ ಅಧಿಕಾರಿಗಳನ್ನು ಕೇಳಬೇಕು. ಅದಕ್ಕೆ ಸಮಯ ಬೇಕು. ಹೆಣ ಮುಂದಿಟ್ಟುಕೊಂಡು ಕೇಳುವ ಬದಲು ಈಗಲೇ ಕೇಳಿ.

ಲಾಡ್ಜ್‌ನ ವಿಧಿ ಚರ್ಚ್‌ನಲ್ಲಾಗಲಿ ನಮ್ಮ ಸ್ಮಶಾನದಲ್ಲಾಗಲಿ ಬೇಡ. ಪೆಟ್ಟಿಗೆಯ ಮೇಲೆ ಏಪ್ರನ್ ಹಾಸುವುದು, ಗುಂಡಿಗೆ ಹಸಿರು ರೆಂಬೆ ಹಾಕುತ್ತಾ ತಮ್ಮ ಪಾಠ ಹೇಳುವುದು ಅವರ ಪದ್ಧತಿ. ಸಮಾಧಿಯ ಹತ್ತಿರ ಹೊತ್ತಲ್ಲದ ಹೊತ್ತಿನಲ್ಲಿ ಜಗಳ ಹುಟ್ಟುವುದು ಇದರಿಂದಲೇ. ತಂದೆಯವರ ಸ್ನೇಹಿತರಾಗಿ ಸೂಟು ತೊಟ್ಟು ಬಂದು ಹೂ ಇಡಲಿ, ಯಾರೂ ತಡೆಯುವುದಿಲ್ಲ. ಇದನ್ನು ಮನೆಯ ಹಿರಿಮಗ ಲಾಡ್ಜ್‌ನ ಕಾರ್ಯದರ್ಶಿಗೆ ಫೋನಿನಲ್ಲಿ ಮೊದಲೇ ತಿಳಿಸುವುದು ಮೇಲು.

ಪ್ರಶ್ನೆ: ಇನ್‌ಸ್ಟಾಗ್ರಾಮ್‌ನಲ್ಲಿ ‘ಇಲ್ಯುಮಿನಾಟಿ’ಗೆ ಸೇರಿದರೆ ಹಣ, ಕಾರು ಕೊಡುತ್ತೇವೆ ಎಂದು ಮೆಸೇಜ್ ಬಂತು. ನೋಂದಣಿ ಶುಲ್ಕವೆಂದು ತಮ್ಮ ಕಟ್ಟಿಯೂ ಬಿಟ್ಟಿದ್ದಾನೆ. ಇದು ಫ್ರೀಮೇಸನರದ್ದೇ? ಪಾಪನಿವೇದನೆ ಮಾಡಬೇಕೇ?
— ಓದುಗರು, ಲಿಂಗರಾಜಪುರ

ಉತ್ತರ: ಫ್ರೀಮೇಸನರದ್ದಲ್ಲ, ಕಳ್ಳರದ್ದು. ನಿಜವಾದ ಇಲ್ಯುಮಿನಾಟಿ 1776ರಲ್ಲಿ ಬವೇರಿಯಾದಲ್ಲಿ ಆಡಮ್ ವೈಸ್‌ಹಾಪ್ಟ್ ಎಂಬ ಪ್ರಾಧ್ಯಾಪಕ ಕಟ್ಟಿದ್ದು, ಹತ್ತು ವರ್ಷ ತುಂಬುವ ಮೊದಲೇ ಅಲ್ಲಿನ ದೊರೆ ಅದನ್ನು ಮುಚ್ಚಿಸಿದ. ಈಗಿನದು ಬರೀ ಹೆಸರು. ಶುಲ್ಕದ ನಂತರ ‘ಉಡುಗೊರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ’ ಎಂದು ಮತ್ತೆ ಕೇಳುತ್ತಾರೆ, ಕೊಡದಿದ್ದರೆ ಶಾಪದ ಬೆದರಿಕೆ ಹಾಕುತ್ತಾರೆ. ಇನ್ನೊಂದು ರೂಪಾಯಿಯೂ ಕಳಿಸಬೇಡಿ.

ಹಣದಾಸೆಗೆ ಏನಾದರೂ ಬರೆದುಕೊಟ್ಟಿದ್ದರೆ, ಆಣೆ ಇಟ್ಟಿದ್ದರೆ ತಮ್ಮ ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳಲಿ. ಆದರೆ ಮೊದಲು 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ಸಹಾಯವಾಣಿಯದು. ಎಷ್ಟು ಬೇಗ ಮಾಡಿದರೆ ಹಣ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಯುಪಿಐ ವ್ಯವಹಾರದ ಸಂಖ್ಯೆ, ಕಟ್ಟಿದ ದಿನ ಮತ್ತು ಹೊತ್ತು, ಚಾಟ್‌ನ ಸ್ಕ್ರೀನ್‌ಶಾಟ್ ಎದುರಿಗಿಟ್ಟುಕೊಂಡು ಫೋನ್ ಮಾಡಿ. ಆ ಚಾಟನ್ನು ನಾಚಿಕೆಯಿಂದ ಅಳಿಸಿಬಿಡದಂತೆ ತಮ್ಮನಿಗೆ ಈಗಲೇ ಹೇಳಿ.